ಹೆಸರು ಒಬ್ಬರದು, ನಂಬರ್ ಇನ್ನೊಬ್ಬರದು

ಫೋನ್ ಎತ್ತಿದವರದು ಗಂಡಸಿನ ದನಿ. ನನಗೆ ಬೇಕಾಗಿದ್ದವರು ನಮ್ಮ ಸ್ವಯಂಸೇವಕರ ಗುಂಪಿನ ಹಿರಿಯ ಸದಸ್ಯೆ. ‘ಸಾರಿ, ರಾಂಗ್ ನಂಬರ್’ ಅಂತ ಇಟ್ಟೆ. ಎರಡನೇ ಹೆಸರಿಗೆ ಮಾಡಿದೆ, ಅಲ್ಲೂ ಬೇರೆ ಯಾರೋ. ಮೂರನೇ ಕರೆಗೆ ಎದೆ ಧಸಕ್ಕೆಂದಿತು. ಹಿಂದಿನ ರಾತ್ರಿ ಕಂಪ್ಯೂಟರಿನಲ್ಲಿ ಗುಂಪಿನ ಪಟ್ಟಿಯ ಶೀಟನ್ನು ಸೇವ್ ಮಾಡಿ, ಏನೋ ಸಾಧಿಸಿದವಳ ಹಾಗೆ ಮಲಗಿದ್ದೆ. ಎಡವಟ್ಟಾಗಿದ್ದು ಅದರಲ್ಲೇ.

ಗುಂಪಿನ ಲೆಕ್ಕವೆಲ್ಲ ಅಲ್ಲಿಯವರೆಗೆ ಒಂದು ಉದ್ದ ನೋಟ್‌ಬುಕ್ಕಿನಲ್ಲಿತ್ತು. 86 ಜನ. ಒಬ್ಬೊಬ್ಬರಿಗೆ ಒಂದೊಂದು ಸಾಲು: ಕ್ರಮಸಂಖ್ಯೆ, ಹೆಸರು, ಫೋನ್, ಸೇರಿದ ದಿನ, ದುಡಿದ ಗಂಟೆ. ‘ಇನ್ನೂ ಕೈಯಲ್ಲಿ ಕೂಡ್ತಾ ಇದೀರಾ ಅತ್ತೆ?’ ಅಂತ ಅಣ್ಣನ ಮಗಳು ನಕ್ಕು, ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದುಕೊಟ್ಟು ತನ್ನ ಕೆಲಸಕ್ಕೆ ಹೋದಳು.

ಖಾಲಿ ಮನೆಗಳ ಆ ಹಾಳೆ ಎಲ್ಲಿಗೆ ಮುಗಿಯುತ್ತದೆ ನೋಡೋಣ ಅಂತ ಕಂಟ್ರೋಲ್ ಜೊತೆ ಕೆಳಬಾಣ ಒತ್ತಿದೆ. 10,48,576ನೇ ಸಾಲಿಗೆ ಹೋಗಿ ನಿಂತಿತು. ನನ್ನ 86 ಜನಕ್ಕೆ ಇಷ್ಟೊಂದು ಜಾಗ! ವಾಪಸ್ ಮೇಲೆ ಬರುವ ಕೀ ಗೊತ್ತಿಲ್ಲದೆ ಮೌಸ್ ಎಳೆದೂ ಎಳೆದೂ ಸಾಕಾಯಿತು.

ಎಲ್ಲ ತುಂಬಿಸಿ, ಗಂಟೆಯ ಕಾಲಮ್ಮಿನ ಕೆಳಗೆ ಅವಳು ಹೇಳಿಕೊಟ್ಟಿದ್ದ ಹಾಗೆ ಈಕ್ವಲ್ ಟು ಒತ್ತಿ ಸಮ್ ಫಾರ್ಮುಲಾ ಹಾಕಿದೆ. ಮೊತ್ತ ಸೊನ್ನೆ. ಇನ್ನೊಮ್ಮೆ ಹಾಕಿದೆ, ಸೊನ್ನೆಯೇ. ಫೋನಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಅಂಕಿಗಳು ಮನೆಯ ಎಡಕ್ಕೆ ಅಂಟಿಕೊಂಡಿವೆಯಾ, ಬಲಕ್ಕಾ?’ ಎಡಕ್ಕೆ. ನೋಟ್‌ಬುಕ್ಕಿನ ರೂಢಿಯಂತೆ ಪ್ರತಿ ಮನೆಯಲ್ಲೂ ‘4 ಗಂಟೆ’, ‘6 ಗಂಟೆ’ ಅಂತ ಬರೆದಿದ್ದೆ. ಅಕ್ಷರ ಸೇರಿದ ಕೂಡಲೇ ಎಕ್ಸೆಲ್ಲಿಗೆ ಅದು ಬರೀ ಮಾತು, ಮಾತನ್ನು ಸಮ್ ಕೂಡುವುದಿಲ್ಲ. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ‘ಗಂಟೆ’ಯನ್ನೆಲ್ಲ ತೆಗೆಸಿದಳು. ಅಂಕಿಗಳು ಸಾಲಾಗಿ ಬಲಕ್ಕೆ ಸರಿದವು, ಕೆಳಗೆ ಮೊತ್ತ ಮೂಡಿತು. ಒಂದು ಮನೆಯಲ್ಲಿ 4 ಅಳಿಸಿ 5 ಹಾಕಿದೆ. ಮೊತ್ತವೂ ತಾನಾಗಿ ಒಂದು ಏರಿತು. ಮತ್ತೆ 4 ಹಾಕಿದೆ. ಇಳಿಯಿತು. ಐದು ನಿಮಿಷ ಅದನ್ನೇ ಆಡಿದೆ, ಸುಳ್ಳೇಕೆ ಹೇಳಲಿ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗಾಗಿ ವಿಸಿಕ್ಯಾಲ್ಕ್ ಅನ್ನುವ ಇಂಥದ್ದೇ ಲೆಕ್ಕದ ಹಾಳೆ ತಂದಾಗ ಜನ ಮರುಳಾಗಿದ್ದೂ ಇದಕ್ಕೇ ಅಂತೆ.

ಸೇರಿದ ದಿನದ ಕಾಲಮ್ಮಿನಲ್ಲೂ ಒಂದು ತಮಾಷೆಯಾಯಿತು. ಯಾವುದೋ ಮೆನು ಒತ್ತಿದ್ದಕ್ಕೆ 2024ರ ಜನವರಿ 1 ಹೋಗಿ ಅಲ್ಲಿ 45292 ಕೂತಿತ್ತು. 1900ರ ಜನವರಿ 1ನ್ನು ಒಂದು ಅಂತ ಇಟ್ಟುಕೊಂಡು ಅದು ದಿನಗಳನ್ನು ಎಣಿಸುತ್ತದಂತೆ, ತಾರೀಖು ನಮ್ಮ ಕಣ್ಣಿಗೆ ಹಾಕಿದ ವೇಷ. ಫಾರ್ಮ್ಯಾಟ್ ಬದಲಿಸಿದೆ, ಸರಿಹೋಯಿತು.

ಇಷ್ಟಾದ ಮೇಲೆ ಧೈರ್ಯ ಬಂತು. ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸೋಣ ಅನಿಸಿತು. ಹೆಸರಿನ ಕಾಲಮ್ಮನ್ನಷ್ಟೇ ಆರಿಸಿ ಸಾರ್ಟ್ ಒತ್ತಿದೆ. ಒಂದು ಪೆಟ್ಟಿಗೆ ತೆರೆದು ಪ್ರಶ್ನೆ ಕೇಳಿತು: ಆಯ್ಕೆಯನ್ನು ವಿಸ್ತರಿಸಲಾ, ಇದ್ದದ್ದರಲ್ಲೇ ಮುಂದುವರಿಯಲಾ? ವಿಸ್ತರಿಸಿದರೆ ಬೇರೆ ಏನಾದರೂ ಕೆಟ್ಟೀತು ಅಂತ ಹೆದರಿ ಎರಡನೆಯದನ್ನು ಒತ್ತಿದೆ. ‘ಅ’ ಮೇಲೆ ಬಂತು, ‘ಹ’ ಕೆಳಗೆ ಹೋಯಿತು. ಎಷ್ಟು ಚೆಂದ! ಮೊತ್ತ ನೋಡಿದೆ, ಮೊದಲಿನಷ್ಟೇ ಇತ್ತು. ಸೇವ್ ಮಾಡಿ ಮುಚ್ಚಿದೆ.

ಮೊತ್ತ ಬದಲಾಗುವುದಾದರೂ ಹೇಗೆ? ಗಂಟೆಗಳು ಇದ್ದಲ್ಲೇ ಇದ್ದವು, ಫೋನ್ ನಂಬರುಗಳೂ. ಹೆಸರುಗಳು ಮಾತ್ರ ಎದ್ದು ಬೇರೆಯವರ ಮನೆಗೆ ಹೋಗಿದ್ದವು. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಅಂದರೆ ಒಬ್ಬ ಮನುಷ್ಯ, ಅದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಶೀಟಿಗೆ ಅದು ಅಕ್ಕಪಕ್ಕ ಕೂತ ಐದು ಮನೆ. ಐದೂ ಒಬ್ಬರದೇ ಅಂತ ಹೇಳುವ ಅವಕಾಶ ಅದು ನನಗೆ ಕೊಟ್ಟಿತ್ತು, ನಾನೇ ಬೇಡ ಅಂದಿದ್ದೆ.

ಬೆಳಿಗ್ಗೆ ಕಂಟ್ರೋಲ್ ಝಡ್ ಒತ್ತಿದರೆ ಹಿಂದಕ್ಕೆ ಹೋಗಲು ಏನೂ ಉಳಿದಿರಲಿಲ್ಲ. ಫೈಲ್ ಮುಚ್ಚಿದಾಗಲೇ ಅದು ಹಿಂದಿನದನ್ನೆಲ್ಲ ಮರೆತಿತ್ತು. ಅಣ್ಣನ ಮಗಳು ಸಂಜೆ ಬಂದು ನೋಡಿದಳು. ಬೈಯಲಿಲ್ಲ, ನಗು ಮಾತ್ರ ತಡೆಯಲಾಗಲಿಲ್ಲ. ‘ಅತ್ತೆ, ಉಳಿದ ನಾಲ್ಕು ಕಾಲಮ್ ನಿಮ್ಮ ನೋಟ್‌ಬುಕ್ಕಿನ ಕ್ರಮದಲ್ಲೇ ಇವೆ. ಹೆಸರಷ್ಟೇ ಮತ್ತೆ ಟೈಪ್ ಮಾಡಿ ಸಾಕು.’ ಆ ಕ್ರಮಸಂಖ್ಯೆ ಇರದಿದ್ದರೆ ಅಷ್ಟೂ ಗೊತ್ತಾಗುತ್ತಿರಲಿಲ್ಲವೇನೋ. ಬೇಡದ ಕಾಲಮ್ ಅಂತ ನಾನದನ್ನು ಅಳಿಸುವುದರಲ್ಲಿದ್ದೆ.

ಅವಳು ನೋಟ್‌ಬುಕ್ ಹಿಡಿದು ಓದಿದಳು, ನಾನು ಟೈಪ್ ಮಾಡಿದೆ. 86 ಹೆಸರು. ಆಮೇಲೆ ಫೈಲಿಗೆ ಒಂದು ನಕಲು ಮಾಡಿಟ್ಟು ಮತ್ತೆ ಸಾರ್ಟ್ ಒತ್ತಿದೆ. ಅದೇ ಪೆಟ್ಟಿಗೆ, ಅದೇ ಪ್ರಶ್ನೆ. ಈ ಸಲ ‘ವಿಸ್ತರಿಸು’. ಕ್ರಮಸಂಖ್ಯೆಗಳೆಲ್ಲ ಕಲಸಿಹೋದವು. ‘ಹಾಗೇ ಆಗಬೇಕು’ ಅಂದಳು.

ನನಗಿನ್ನೂ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಸಿಗದ ಹಿರಿಯ ಸದಸ್ಯೆಯ ಹೆಸರು ಹುಡುಕಿ, ಅದರ ಪಕ್ಕದ ನಂಬರ್ ಒತ್ತಿ ಕಾದೆ. ಹೆಂಗಸಿನ ದನಿ.

‘ಹೌದಮ್ಮಾ, ನಾನೇ. ಹೇಳಿ.’