ಇದು ಮ್ಯೂಸಿಯಂನಲ್ಲಿ ಇರಬೇಕಾದ್ದಲ್ವಾ?

ನಾನು ಪ್ರಾಚೀನ ಗ್ರೀಕ್ ನಗರರಾಜ್ಯಗಳ ಬೆಳ್ಳಿ ನಾಣ್ಯ ಸಂಗ್ರಹಿಸುತ್ತೇನೆ ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಮೂರು. ಅಸಲಿಯಾ? ಎಷ್ಟು ಕೊಟ್ರಿ? ಮೂರನೆಯದು ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ಮುರುಗಿಸಿ ನೋಡಿದ ಮೇಲೆ ಬರುತ್ತದೆ: "ಎರಡೂವರೆ ಸಾವಿರ ವರ್ಷ ಹಳೇದು ಅಂತೀರಿ. ಇದು ಮ್ಯೂಸಿಯಂನಲ್ಲಿ ಇರಬೇಕಾದ್ದಲ್ವಾ? ನಿಮ್ಮ ಕೈಗೆ ಹೇಗೆ ಬಂತು?" ಮೊದಲ ಎರಡಕ್ಕೆ ನಿಂತಲ್ಲೇ ಉತ್ತರ ಕೊಡಬಹುದು. ಮೂರನೆಯದಕ್ಕೆ ಕೂತು ಮಾತಾಡಬೇಕಾಗುತ್ತದೆ, ಹಾಗಾಗಿ ಬರೆದೇ ಬಿಡುತ್ತಿದ್ದೇನೆ.

ನನ್ನ ಉತ್ತರ ಇಷ್ಟು: ಈ ನಾಣ್ಯಗಳಲ್ಲಿ ಬಹುಪಾಲು ಮ್ಯೂಸಿಯಂನಲ್ಲೇ ಇರಬೇಕೆಂದಿಲ್ಲ. ಆದರೆ ಒಂದು ನಾಣ್ಯ ಮಣ್ಣಿನಿಂದ ಮೇಲೆದ್ದು ನಮ್ಮವರೆಗೆ ಬಂದ ದಾರಿ ಯಾವುದು ಎಂದು ತಿಳಿಯದೆ ಅದನ್ನು ಕೊಳ್ಳಬಾರದು. ಉಳಿದದ್ದೆಲ್ಲ ಈ ಎರಡು ಮಾತಿನ ವಿವರಣೆ.

ಮೊದಲು, ಇವು ಎಷ್ಟಿದ್ದವು ಎಂಬುದನ್ನು ನೋಡಿ. ಅಥೆನ್ಸಿನ ದಕ್ಷಿಣಕ್ಕೆ ಲಾರಿಯನ್ ಎಂಬ ಗಣಿ ಪ್ರದೇಶವಿದೆ. ಅಲ್ಲಿ ಸೀಸದ ಅದಿರಿನಲ್ಲಿ ಬೆಳ್ಳಿ ಬೆರೆತಿತ್ತು. ಕ್ರಿ.ಪೂ. 483ರ ಸುಮಾರಿಗೆ ದೊಡ್ಡ ಮೊತ್ತದ ಬೆಳ್ಳಿ ಕೈಗೆ ಬಂದಾಗ, ಅದನ್ನು ಪ್ರಜೆಗಳಿಗೆ ತಲಾ ಹತ್ತು ದ್ರಾಕ್ಮಾದಂತೆ (ದ್ರಾಕ್ಮಾ ಅಂದರೆ ಅವರ ಬೆಳ್ಳಿ ನಾಣ್ಯದ ಮಾನ) ಹಂಚಿಬಿಡೋಣ ಎಂಬ ಮಾತು ಬಂತು. ಬೇಡ, ಹಡಗು ಕಟ್ಟೋಣ ಎಂದು ಅಥೆನ್ಸಿನ ನಾಯಕ ಥೆಮಿಸ್ಟೊಕ್ಲಿಸ್ ಜನರನ್ನು ಒಪ್ಪಿಸಿದ. ಮೂರು ವರ್ಷದ ನಂತರ ಸಲಾಮಿಸ್ ಕಡಲಿನಲ್ಲಿ ಪರ್ಷಿಯನ್ನರ ನೌಕಾಪಡೆಯನ್ನು ಸೋಲಿಸಿದ್ದು ಆ ಹಡಗುಗಳ ಬಲದಿಂದಲೇ. ಅಲ್ಲಿಂದ ಮುಂದೆ ಮಿತ್ರ ನಗರಗಳ ಕಪ್ಪವೂ ಸೇರಿ ಅಥೆನ್ಸಿನ ಖಜಾನೆ ಬೆಳೆಯುತ್ತಲೇ ಹೋಯಿತು. ಕ್ರಿ.ಪೂ. 431ರಲ್ಲಿ ಸ್ಪಾರ್ಟಾದ ಜೊತೆ ಯುದ್ಧ ಶುರುವಾಗುವಾಗ ಊರ ನಡುವಿನ ಕೋಟೆಗುಡ್ಡ ಅಕ್ರೊಪೊಲಿಸ್ ಮೇಲೆ 6,000 ಟ್ಯಾಲೆಂಟ್ ನಾಣ್ಯರೂಪದ ಬೆಳ್ಳಿ ಇತ್ತು ಎಂದು ಆಗಿನ ನಾಯಕ ಪೆರಿಕ್ಲಿಸ್ ಹೇಳಿದ್ದನ್ನು ಇತಿಹಾಸಕಾರ ಥೂಸಿಡಿಡೀಸ್ ದಾಖಲಿಸಿದ್ದಾನೆ. ಒಂದು ಟ್ಯಾಲೆಂಟಿಗೆ 6,000 ದ್ರಾಕ್ಮಾ. ಒಂದು ಬದಿ ಅಥೀನಾ ದೇವಿಯ ಮುಖ, ಇನ್ನೊಂದು ಬದಿ ಗೂಬೆ ಇರುವ ಪ್ರಸಿದ್ಧ ನಾಣ್ಯ ನಾಲ್ಕು ದ್ರಾಕ್ಮಾದ್ದು, ತೂಕ 17.2 ಗ್ರಾಮಿನ ಆಸುಪಾಸು. ಲೆಕ್ಕ ಹಾಕಿದರೆ 90 ಲಕ್ಷ ಗೂಬೆ ನಾಣ್ಯಗಳಿಗೆ ಸಮನಾದ ಬೆಳ್ಳಿ, ಅದೂ ಒಂದು ಊರಿನ ಖಜಾನೆಯಲ್ಲಿ, ಒಂದು ವರ್ಷದಲ್ಲಿ.

ಈ ಬೆಳ್ಳಿಯನ್ನು ಅಗೆದವರು ಗುಲಾಮರು. ಇಕ್ಕಟ್ಟಾದ ಸುರಂಗಗಳಲ್ಲಿ ಎಣ್ಣೆ ದೀಪ ಹಿಡಿದು ಕೆಲಸ. ಕ್ರಿ.ಪೂ. 413ರಲ್ಲಿ ಸ್ಪಾರ್ಟಾದವರು ಅಥೆನ್ಸಿನ ಹತ್ತಿರದ ಡೆಕೆಲಿಯಾದಲ್ಲಿ ಠಾಣ್ಯ ಹೂಡಿದಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗುಲಾಮರು ಓಡಿಹೋದರು ಎಂದು ಅದೇ ಥೂಸಿಡಿಡೀಸ್ ಬರೆಯುತ್ತಾನೆ. ನಾಣ್ಯದ ಅಂದವನ್ನು ಹೊಗಳುವಾಗ ಈ ಮಾತನ್ನೂ ಹೇಳದಿದ್ದರೆ ನನಗೆ ಸಮಾಧಾನವಿರುವುದಿಲ್ಲ.

ಇನ್ನು, ಇವು ಅಪರೂಪದ ಕಲಾಕೃತಿಗಳೆಂದು ಮಾಡಿದ ವಸ್ತುಗಳಲ್ಲ, ದಿನಬಳಕೆಯ ದುಡ್ಡು. ಕ್ರಿ.ಪೂ. ಐದನೇ ಶತಮಾನದ ಕೊನೆಯಲ್ಲಿ ಅಥೆನ್ಸಿನ ಎರೆಕ್ಥಿಯಾನ್ ದೇವಾಲಯ ಕಟ್ಟಿದ ಲೆಕ್ಕಪತ್ರ ಕಲ್ಲಿನ ಮೇಲೆ ಉಳಿದಿದೆ. ಅಲ್ಲಿ ನುರಿತ ಕೆಲಸಗಾರನಿಗೆ ದಿನಕ್ಕೆ ಒಂದು ದ್ರಾಕ್ಮಾ, ಅವನು ಪ್ರಜೆಯಾಗಿರಲಿ, ಹೊರಗಿನವನಾಗಿರಲಿ, ಗುಲಾಮನಾಗಿರಲಿ. (ಗುಲಾಮನ ಕೂಲಿ ಹೋಗುತ್ತಿದ್ದದ್ದು ಒಡೆಯನಿಗೆ.) ನ್ಯಾಯಾಲಯದಲ್ಲಿ ಪಂಚನಾಗಿ ಕೂತವನಿಗೆ ದಿನಕ್ಕೆ ಮೂರು ಒಬೊಲ್, ಅಂದರೆ ಅರ್ಧ ದ್ರಾಕ್ಮಾ. ಒಬೊಲ್ ನಾಣ್ಯ ಮುಕ್ಕಾಲು ಗ್ರಾಮೂ ತೂಗುವುದಿಲ್ಲ. ಕಿರುಬೆರಳಿನ ಉಗುರಿನಷ್ಟು ಬೆಳ್ಳಿ. ಸಂತೆಗೆ ಹೊರಟವರು ಅದನ್ನು ಬಾಯಲ್ಲಿ, ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು ಎಂದು ಆ ಕಾಲದ ಹಾಸ್ಯ ನಾಟಕಗಳಿಂದ ತಿಳಿಯುತ್ತದೆ. ನನ್ನ ಸಂಗ್ರಹದಲ್ಲಿ ನನಗೆ ಅತಿ ಪ್ರಿಯವಾದ ನಾಣ್ಯಗಳಲ್ಲಿ ಅರ್ಧದಷ್ಟು ಇಂಥ ಪುಟಾಣಿಗಳೇ.

ಮ್ಯೂಸಿಯಂಗಳ ಬಳಿ ಇಂಥವು ಇಲ್ಲವೆಂದಲ್ಲ, ಬೇಕಾದಷ್ಟಿವೆ. ಬರ್ಲಿನ್ನಿನ ನಾಣ್ಯ ಸಂಗ್ರಹಾಲಯದಲ್ಲಿ ಎಲ್ಲ ಕಾಲದ್ದೂ ಸೇರಿ ಐದು ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಅದು ಇರುವ ಬೋಡೆ ಮ್ಯೂಸಿಯಂನ ಗಾಜಿನ ಪೆಟ್ಟಿಗೆಗಳಲ್ಲಿ ನಮಗೆ ಕಾಣುವುದು ಅದರ ಒಂದು ಚೂರು ಮಾತ್ರ. ಅಲ್ಲಿನ ಗ್ರೀಕ್ ವಿಭಾಗ ಬೆಳೆದದ್ದಾದರೂ ಹೇಗೆ? 1900ರಲ್ಲಿ ಇಮ್‌ಹೋಫ್-ಬ್ಲೂಮರ್ ಎಂಬ ಸ್ವಿಸ್ ಸಂಗ್ರಾಹಕನ ಸಾವಿರಾರು ಗ್ರೀಕ್ ನಾಣ್ಯಗಳನ್ನು ಅವರು ಒಟ್ಟಿಗೇ ಕೊಂಡರು. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಎಂಬ ನಾಣ್ಯ ಅಧ್ಯಯನ ಸಂಸ್ಥೆಗೆ ಎಡ್ವರ್ಡ್ ನ್ಯೂವೆಲ್ ಎಂಬ ಸಂಗ್ರಾಹಕ ತನ್ನ ಸುಮಾರು 87,000 ನಾಣ್ಯಗಳನ್ನು ಉಯಿಲು ಬರೆದಿಟ್ಟು 1941ರಲ್ಲಿ ತೀರಿಕೊಂಡ. ಸಂಗ್ರಾಹಕರು ಮತ್ತು ಮ್ಯೂಸಿಯಂಗಳನ್ನು ಎದುರುಬದುರು ನಿಲ್ಲಿಸಿ ಪ್ರಶ್ನೆ ಕೇಳುವವರಿಗೆ ಈ ಸಂಗತಿ ತಿಳಿದಿರುವುದಿಲ್ಲ.

ಇಲ್ಲಿಯವರೆಗೆ ನನ್ನ ಉತ್ತರದ ಸುಲಭದ ಅರ್ಧ. ಕಷ್ಟದ ಅರ್ಧ ಶುರುವಾಗುವುದು ನಿಧಿಗಳಿಂದ. ಚೆನ್ನಾಗಿ ಉಳಿದ ಪ್ರಾಚೀನ ಬೆಳ್ಳಿ ನಾಣ್ಯ ಹೆಚ್ಚಾಗಿ ಒಂಟಿಯಾಗಿ ಸಿಗುವುದಿಲ್ಲ. ಯಾರೋ ಯುದ್ಧಕ್ಕೋ ಕಳ್ಳರಿಗೋ ಹೆದರಿ ಮಡಕೆಯಲ್ಲಿ ತುಂಬಿ ಹೂತಿಟ್ಟು, ಮರಳಿ ಬರಲಾಗದೆ ಹೋದದ್ದು. 1973ರಲ್ಲಿ ಗ್ರೀಕ್ ನಾಣ್ಯ ನಿಧಿಗಳ ಪಟ್ಟಿಯೊಂದು ಅಚ್ಚಾದಾಗ ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಿಧಿಗಳಿದ್ದವು. ನಿಧಿಯಲ್ಲಿ ಯಾವ ನಾಣ್ಯದ ಜೊತೆ ಯಾವುದು ಇತ್ತು, ಯಾವುದು ಸವೆದಿತ್ತು, ಯಾವುದು ಹೊಸದಾಗಿತ್ತು ಎಂಬುದರಿಂದಲೇ ವಿದ್ವಾಂಸರು ಕಾಲ ನಿರ್ಣಯ ಮಾಡುತ್ತಾರೆ, ಏಕೆಂದರೆ ಈ ನಾಣ್ಯಗಳ ಮೇಲೆ ಇಸವಿ ಇರುವುದಿಲ್ಲ. ನಿಧಿ ಚದುರಿದರೆ ಆ ಪುಟವೇ ಹರಿದುಹೋದಂತೆ.

ಎರಡು ನಿಧಿಗಳ ಕತೆ ಹೇಳುತ್ತೇನೆ. 1960ರ ದಶಕದ ಕೊನೆಯಲ್ಲಿ ಈಜಿಪ್ಟಿನ ಅಸ್ಯೂತ್ ಬಳಿ ಸುಮಾರು 900 ಬೆಳ್ಳಿ ನಾಣ್ಯಗಳು ಸಿಕ್ಕವು. ಇಟಲಿಯಿಂದ ಸೈಪ್ರಸ್‌ವರೆಗಿನ ಊರೂರಿನ ನಾಣ್ಯ, ಕ್ರಿ.ಪೂ. 475ರ ಸುಮಾರಿಗೆ ಹೂತದ್ದು. ಯಾರೂ ಪಟ್ಟಿ ಮಾಡುವ ಮುಂಚೆಯೇ ಅವು ವ್ಯಾಪಾರಿಗಳ ಕೈಗೆ ಬಿದ್ದು ಚೆಲ್ಲಾಪಿಲ್ಲಿಯಾದವು. ಮಾರ್ಟಿನ್ ಪ್ರೈಸ್ ಮತ್ತು ನ್ಯಾನ್ಸಿ ವ್ಯಾಗನರ್ ಎಂಬ ವಿದ್ವಾಂಸರು ಒಂದೊಂದರ ಜಾಡನ್ನೂ ಹಿಡಿದು, ನಿಧಿಯನ್ನು ಮತ್ತೆ ಕಾಗದದ ಮೇಲೆ ಜೋಡಿಸಿ 1975ರಲ್ಲಿ ಪ್ರಕಟಿಸಿದರು. ಆದಿಕಾಲದ ಗ್ರೀಕ್ ನಾಣ್ಯಗಳ ಕಾಲದ ಬಗ್ಗೆ ಇವತ್ತು ನಡೆಯುವ ಯಾವ ಚರ್ಚೆಯೂ ಆ ನಿಧಿಯನ್ನು ಬಿಟ್ಟು ನಡೆಯುವುದಿಲ್ಲ. ಆ ಇಬ್ಬರೂ ಬೆನ್ನು ಹತ್ತದಿದ್ದರೆ ಅಷ್ಟೂ ಹೋಗುತ್ತಿತ್ತು.

ಇನ್ನೊಂದು ಟರ್ಕಿಯ ಎಲ್ಮಾಲಿಯದು. 1984ರಲ್ಲಿ ಅಂಟಾಲ್ಯ ಪ್ರಾಂತದ ಆ ಊರಿನ ಹತ್ತಿರ ಸುಮಾರು 1,900 ಬೆಳ್ಳಿ ನಾಣ್ಯಗಳನ್ನು ಕದ್ದು ಅಗೆದು ದೇಶದಿಂದ ಹೊರಗೆ ಸಾಗಿಸಿದರು. ಅದರಲ್ಲಿ ಅಥೆನ್ಸಿನ ಹತ್ತು ದ್ರಾಕ್ಮಾ ನಾಣ್ಯಗಳಿದ್ದವು. ಒಂದೊಂದೂ 43 ಗ್ರಾಮಿನಷ್ಟು ತೂಕ, ಗೂಬೆ ಎರಡೂ ರೆಕ್ಕೆ ಬಿಚ್ಚಿ ನೇರ ನಮ್ಮತ್ತ ನೋಡುವ ಚಿತ್ರ. ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ತಿಳಿದಿದ್ದ ನಾಣ್ಯ ಅದು. ಟರ್ಕಿ ಸರ್ಕಾರ ಅಮೆರಿಕದ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿ, ನಿಧಿಯ ಬಹುಭಾಗವನ್ನು 1999ರಲ್ಲಿ ವಾಪಸು ಪಡೆಯಿತು. ಅವು ಈಗ ಇರುವುದು ಟರ್ಕಿಯ ಮ್ಯೂಸಿಯಂನಲ್ಲಿ, ಇರಬೇಕಾದದ್ದೂ ಅಲ್ಲಿಯೇ. ಆ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾಗಿ ನನ್ನ ನಿಯಮ ಸರಳವಾದದ್ದು: ಹಳೆಯ ಕಾಗದ ಇಲ್ಲದ ನಾಣ್ಯವನ್ನು ಕೊಳ್ಳುವುದಿಲ್ಲ. ಹಳೆಯ ಸಂಗ್ರಾಹಕನ ಕೈಬರಹದ ಚೀಟಿ, ರಸೀತಿ, ಹರಾಜಿನ ಕ್ಯಾಟಲಾಗಿನಲ್ಲಿ ಅದೇ ನಾಣ್ಯದ ಚಿತ್ರ, ಇವುಗಳಲ್ಲಿ ಒಂದಾದರೂ ಬೇಕು. ಈಚಿನ ವರ್ಷಗಳಲ್ಲಿ ಹೊಳಪು ಮಾಸದ ಗೂಬೆ ನಾಣ್ಯಗಳು ಮಾರುಕಟ್ಟೆಗೆ ರಾಶಿ ರಾಶಿ ಬಂದಿವೆ. ಎಲ್ಲಿಂದ ಎಂದರೆ ಮಾರುವವರು "ಹಳೆಯ ಯುರೋಪಿಯನ್ ಸಂಗ್ರಹ" ಎಂಬ ಮೂರು ಪದ ಮೀರಿ ಏನೂ ಹೇಳುವುದಿಲ್ಲ. ಎಷ್ಟೇ ಅಂದವಾಗಿರಲಿ, ನಾನು ಮುಟ್ಟುವುದಿಲ್ಲ.

ಹಳೆಯ ಚಿತ್ರದಲ್ಲಿ ಇರುವುದು ಇದೇ ನಾಣ್ಯ ಎಂದು ಹೇಗೆ ಹೇಳುತ್ತೀರಿ ಎಂದು ಕೆಲವರು ಕೇಳುತ್ತಾರೆ. ಇದು ನನಗೆ ಬಲು ಇಷ್ಟದ ಕೆಲಸ. ಆಗ ನಾಣ್ಯ ಹೊಡೆಯುತ್ತಿದ್ದದ್ದು ಕೈಯಿಂದ: ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಹುದುಗಿರುತ್ತಿತ್ತು, ಬೆಳ್ಳಿಯ ಬಿಲ್ಲೆಯನ್ನು ಅದರ ಮೇಲಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆತ. ಬಿಲ್ಲೆ ಕೂತ ಜಾಗ, ಅಂಚು ಬಿರಿದ ರೀತಿ, ಹೊಡೆತದ ಬಲ ಪ್ರತಿ ಸಲ ಬೇರೆ. ನನ್ನ ಹತ್ತಿರ ಈಜಿನಾ ದ್ವೀಪದ ಒಂದು ನಾಣ್ಯವಿದೆ, ಸ್ಟೇಟರ್ ಎನ್ನುತ್ತಾರೆ, 12 ಗ್ರಾಮಿನಷ್ಟು. ಮುಂದೆ ಕಡಲಾಮೆ, ಚಿಪ್ಪಿನ ನಡುವೆ ಸಾಲಾಗಿ ಚುಕ್ಕೆ. ಹಿಂದೆ ಪಾಲು ಪಾಲಾದ ಆಳದ ತಗ್ಗು, ಅಷ್ಟೇ. ಆಮೆಯ ಎಡ ಮುಂಗಾಲಿನ ಪಕ್ಕ ಅಂಚು ಸೀಳಿದೆ, ಬಾಲ ಬಿಲ್ಲೆಯ ಹೊರಗೆ ಹೋಗಿದೆ, ಚಿಪ್ಪಿನ ಮೇಲೆ ಆ ಕಾಲದ ಯಾವನೋ ಸಾಹುಕಾರ, ಅಂದರೆ ದುಡ್ಡು ಬದಲಾಯಿಸಿ ಕೊಡುವವ, ಹೊಡೆದ ಪುಟ್ಟ ಗುರುತಿದೆ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ 1945ರ ಹಿಂದಿನ ಹರಾಜು ಕ್ಯಾಟಲಾಗುಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ರಾತ್ರಿ ಊಟವಾದ ಮೇಲೆ ಅದನ್ನು ತಿರುವುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆ ಕಾಲದವರು ಎಷ್ಟೋ ಸಲ ನಾಣ್ಯದ ಬದಲು ಅದರ ಪ್ಲಾಸ್ಟರ್ ಪಡಿಯಚ್ಚಿನ ಫೋಟೊ ತೆಗೆಯುತ್ತಿದ್ದರು, ಹಾಗಾಗಿ ಹೊಳಪಿನ ಕಾಟವಿಲ್ಲದೆ ಒಂದೊಂದು ಬಿರುಕೂ ಸ್ಪಷ್ಟ. ಅಂಥದ್ದೊಂದು ಚಿತ್ರಪಟದಲ್ಲಿ ಸೀಳು, ಬಾಲ, ಗುರುತು ಮೂರೂ ಹೊಂದಿದ ಆಮೆ ಸಿಕ್ಕಾಗ ಆದ ಖುಷಿ ಕೊಳ್ಳುವಾಗ ಆಗಿರಲಿಲ್ಲ.

ಅಸಲಿಯಾ ಎಂಬ ಪ್ರಶ್ನೆಗೂ ಈ ಹಳೆಯ ಕಾಗದವೇ ದೊಡ್ಡ ಆಸರೆ. ತೂಕ ನೋಡಬಹುದು, ಅಂಚಿನಲ್ಲಿ ಎರಕದ ಗೆರೆ ಇದೆಯೇ, ಮೇಲ್ಮೈಯಲ್ಲಿ ಗುಳ್ಳೆ ಇದೆಯೇ ಎಂದು ಭೂತಗನ್ನಡಿಯಲ್ಲಿ ಹುಡುಕಬಹುದು. ಆದರೆ ಕೈಯಿಂದ ಅಚ್ಚು ಕೊರೆದು, ಸುತ್ತಿಗೆಯಲ್ಲೇ ಹೊಡೆದ ನಕಲಿಗಳೂ ಇವೆ. 1830ರಲ್ಲಿ ಸತ್ತ ಕಾರ್ಲ್ ವಿಲ್ಹೆಲ್ಮ್ ಬೆಕರ್ ಎಂಬ ಜರ್ಮನ್ ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದನೆಂದರೆ, ತಾನು ಮಾಡಿದ ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿ ಹಾಕಿ ಗಾಡಿಗೆ ಕಟ್ಟಿ, ದಾರಿಯುದ್ದಕ್ಕೂ ಕುಲುಕಿಸಿ ಹಳೆಯದಾಗಿಸುತ್ತಿದ್ದ ಎಂಬ ಪ್ರತೀತಿ ಇದೆ. ಅವನ ಅಚ್ಚುಗಳು ಈಗ ಬರ್ಲಿನ್ನಿನಲ್ಲಿವೆ.

ಗ್ರೀಕರಿಗೂ ಈ ತಲೆನೋವು ಇತ್ತು. ತಾಮ್ರದ ತಿರುಳಿಗೆ ಬೆಳ್ಳಿಯ ಹೊದಿಕೆ ಹಾಕಿದ ನಾಣ್ಯ ಆಗಲೇ ಓಡಾಡುತ್ತಿತ್ತು. ಕ್ರಿ.ಪೂ. 375ರ ಒಂದು ಕಾನೂನು ಕಲ್ಲಿನ ಮೇಲೆ ಕೆತ್ತಿದ್ದು ಅಥೆನ್ಸಿನ ಹಳೆಯ ಸಂತೆ ಬಯಲಾದ ಅಗೊರಾದ ಉತ್ಖನನದಲ್ಲಿ 1970ರಲ್ಲಿ ಸಿಕ್ಕಿತು. ಅದರ ಪ್ರಕಾರ ಸಂತೆಯಲ್ಲಿ ಸಾಹುಕಾರರ ಮೇಜುಗಳ ನಡುವೆ ನಾಣ್ಯ ಪರೀಕ್ಷಿಸುವ ಒಬ್ಬ ಸರ್ಕಾರಿ ಗುಲಾಮ ಕೂತಿರಬೇಕು. ನಾಣ್ಯ ಒಳ್ಳೆಯದಾದರೆ ಅವನು ತಂದವನಿಗೆ ಹಿಂತಿರುಗಿಸುತ್ತಾನೆ, ಆಮೇಲೆ ಅದನ್ನು ಬೇಡ ಎನ್ನುವ ಹಕ್ಕು ಯಾವ ವ್ಯಾಪಾರಿಗೂ ಇಲ್ಲ. ಒಳಗೆ ತಾಮ್ರವೋ ಸೀಸವೋ ಇದ್ದರೆ ಅಲ್ಲೇ ಕತ್ತರಿಸಿ ದೇವಮಾತೆಯ ಗುಡಿಗೆ ಒಪ್ಪಿಸಬೇಕು. ಪರೀಕ್ಷಕ ಕೆಲಸ ತಪ್ಪಿಸಿದರೆ ಐವತ್ತು ಛಡಿಯೇಟು. ಈಜಿಪ್ಟ್, ಸಿರಿಯಾ ಕಡೆಗಳಲ್ಲಿ ಬೆಳ್ಳಿಯನ್ನು ತೂಕಕ್ಕೆ ಕೊಳ್ಳುತ್ತಿದ್ದ ಜನ ಅಥೆನ್ಸಿನ ನಾಣ್ಯ ಕಂಡರೆ ಉಳಿಯಿಂದ ಒಂದೇಟು ಹಾಕಿ ಒಳಗೆ ನೋಡುತ್ತಿದ್ದರು. ನನ್ನ ಬಳಿ ಇರುವ ಒಂದೇ ಗೂಬೆ ನಾಣ್ಯ ಅಂಥದ್ದು. ಅಥೀನಾಳ ಕೆನ್ನೆಯ ಮೇಲಿಂದ ಶಿರಸ್ತ್ರಾಣದ ಆಲಿವ್ ಎಲೆಗಳವರೆಗೆ ಆಳದ ಗಾಯ, ಅದರ ತಳದಲ್ಲೂ ಬೆಳ್ಳಿಯೇ. ಮಾರುಕಟ್ಟೆಯಲ್ಲಿ ಇದನ್ನು ದೋಷವೆಂದು ಬೆಲೆ ಇಳಿಸುತ್ತಾರೆ. ನನಗಂತೂ ಗಾಯವಿಲ್ಲದ್ದಕ್ಕಿಂತ ಇದೇ ಹೆಚ್ಚು. ಕಡಲು ದಾಟಿ ಗುರುತಿಲ್ಲದ ಊರಿಗೆ ಹೋದ ದುಡ್ಡನ್ನು ಅಲ್ಲಿನವರು ಹೇಗೆ ಬರಮಾಡಿಕೊಂಡರು ಎಂಬುದು ಅದರ ಮೈಮೇಲೇ ಇದೆ.

ಕಾನೂನಿನ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಗ್ರೀಸ್, ಟರ್ಕಿ, ಇಟಲಿಗಳಲ್ಲಿ ನೆಲದಿಂದ ಸಿಕ್ಕ ಪ್ರಾಚೀನ ವಸ್ತು ಸರ್ಕಾರದ ಸ್ವತ್ತು. ಅಮೆರಿಕ ಈ ದೇಶಗಳ ಜೊತೆ ಒಪ್ಪಂದ ಮಾಡಿಕೊಂಡು ಅನೇಕ ಬಗೆಯ ನಾಣ್ಯಗಳ ಆಮದಿಗೆ ನಿರ್ಬಂಧ ಹಾಕಿದೆ. ನಮ್ಮಲ್ಲಿ 1878ರ ನಿಧಿ ಕಾಯ್ದೆಯಂತೆ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತ್ತು. ಅದು ಸದ್ದಿಲ್ಲದೆ ಯಾವನೋ ಅಕ್ಕಸಾಲಿಗನ ಕುಲುಮೆ ಸೇರಿದ್ದರೆ ನಮ್ಮ ನೆಲದ ಹಳೆಯ ವ್ಯಾಪಾರದ ಬಗ್ಗೆ ಒಂದು ಸಾಕ್ಷಿ ಕಡಿಮೆಯಾಗುತ್ತಿತ್ತು. ಗ್ರೀಸಿನ ರೈತನ ಹೊಲದ ವಿಷಯದಲ್ಲೂ ಅದೇ ನ್ಯಾಯ ತಾನೆ?

ನೀವೂ ಶುರುಮಾಡಬೇಕೆಂದಿದ್ದರೆ ಗೂಬೆಯಿಂದ ಬೇಡ. ಗಲಿಪೊಲಿ ಪರ್ಯಾಯ ದ್ವೀಪದಲ್ಲಿದ್ದ ಖೆರ್ಸೊನೆಸಸ್‌ನ ಅರ್ಧ ದ್ರಾಕ್ಮಾ ನೋಡಿ. ಎರಡೂವರೆ ಗ್ರಾಮೂ ಇಲ್ಲದ ಬೆಳ್ಳಿ. ಮುಂದೆ ತಲೆ ಹಿಂದಕ್ಕೆ ಹೊರಳಿಸಿದ ಸಿಂಹದ ಮುಂಭಾಗ, ಹಿಂದೆ ನಾಲ್ಕು ಮನೆ, ಎರಡು ಉಬ್ಬು ಎರಡು ತಗ್ಗು, ತಗ್ಗಿನ ಮನೆಗಳಲ್ಲಿ ಚುಕ್ಕೆ ಮತ್ತು ಪುಟ್ಟ ಚಿಹ್ನೆಗಳು. ಆ ಚಿಹ್ನೆಗಳು ಒಂದರಿಂದ ಒಂದಕ್ಕೆ ಬದಲಾಗುವುದರಿಂದ ಹುಡುಕುತ್ತಾ ಹೋದಷ್ಟೂ ಕೆಲಸವಿದೆ. ಹಳೆಯ ಚೀಟಿಯ ಸಮೇತ ಗೂಬೆಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಚೀಟಿಯನ್ನು ಮಾತ್ರ ನಾಣ್ಯದಿಂದ ಎಂದೂ ಬೇರೆ ಮಾಡಬೇಡಿ. ಹಿಂದಿನವರ ಕೈಬರಹ ಓದಲಾಗದಿದ್ದರೂ ಇಟ್ಟುಕೊಳ್ಳಿ, ಜೊತೆಗೆ ನಿಮ್ಮದೊಂದು ಸೇರಿಸಿ.

ನನ್ನ ಪ್ರತಿ ನಾಣ್ಯದ ಎರಡೂ ಬದಿಯ ಫೋಟೊ, ತೂಕ, ಎರಡು ಬದಿಯ ಅಚ್ಚುಗಳು ಒಂದಕ್ಕೊಂದು ತಿರುಗಿರುವ ದಿಕ್ಕು, ಬಂದ ದಾರಿ ಎಲ್ಲ ಒಂದು ಕಡತದಲ್ಲಿದೆ. ಒಂದೇ ಅಚ್ಚಿನಿಂದ ಬಂದ ನಾಣ್ಯಗಳನ್ನು ಜೋಡಿಸಿ ಟಂಕಸಾಲೆಯ ಕೆಲಸವನ್ನು ಲೆಕ್ಕ ಹಾಕುವ ಸಂಶೋಧಕರಿಗೆ ಮನೆಗಳಲ್ಲಿರುವ ನಾಣ್ಯಗಳ ಮಾಹಿತಿಯೂ ಬೇಕಾಗುತ್ತದೆ. ಅಂಥ ಅಧ್ಯಯನದಲ್ಲಿ ತೊಡಗಿರುವವರು ಈ ಬರಹ ಓದುತ್ತಿದ್ದರೆ ಒಂದು ಮಾತು ಕೇಳಿ, ಕಡತ ಕಳಿಸುತ್ತೇನೆ.