ಮೂರು ದಿನ ಟೇಬಲ್ ಹಾಕಿದರೆ ಎಷ್ಟು ಉಳಿಯುತ್ತೆ?

ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ರೈಲಿನಲ್ಲಿ ಎದುರು ಸೀಟಿನವರು ಕೇಳುತ್ತಾರೆ. ಮೊದಲು ಜೊತೆಗೆ ಕೆಲಸ ಮಾಡುತ್ತಿದ್ದ ಬ್ಯಾಂಕಿನ ಗೆಳತಿಯರಂತೂ ಸಿಕ್ಕಾಗಲೆಲ್ಲ ಕೇಳುತ್ತಾರೆ. ದೊಡ್ಡ ನಾಣ್ಯ ಪ್ರದರ್ಶನಗಳಿಗೆ ಹೋಗಿ, ಟೇಬಲ್ ಹಾಕಿ, ಹಳೇ ನಾಣ್ಯ ಮಾರುತ್ತೇನೆ ಅಂತ ಗೊತ್ತಾಗಿದ್ದೇ ತಡ: "ಮೂರು ದಿನ ಕೂತರೆ ಎಷ್ಟು ಉಳಿಯುತ್ತೆ?"

ಕೇಳುವ ರೀತಿ ನೋಡಿ. ಏನು ಮಾರ್ತೀರಿ ಅಂತ ಅಲ್ಲ, ಯಾರು ಬರ್ತಾರೆ ಅಂತ ಅಲ್ಲ. ನೇರವಾಗಿ ಗಲ್ಲಾಪೆಟ್ಟಿಗೆಗೇ ಕೈ. ಸೀರೆ ಅಂಗಡಿಯ ಮಾಲೀಕರನ್ನು ಯಾರಾದರೂ ಹೀಗೆ ಕೇಳುತ್ತಾರಾ? ಜೊತೆಗೆ ಒಂದು ಬಾಲ ಬೇರೆ ಇರುತ್ತದೆ. "ಒಂದೊಂದು ನಾಣ್ಯಕ್ಕೆ ಲಕ್ಷ ಲಕ್ಷ ಅಂತೆ! ನಿಮಗೇನು ಬಿಡಿ." ಇನ್ನು ಕೆಲವರು ಟೇಬಲ್ ಹತ್ತಿರವೇ ಬಂದು, ನನ್ನನ್ನು ನೋಡಿ, ಆಚೀಚೆ ಕತ್ತು ತಿರುಗಿಸಿ, "ಯಜಮಾನರು ಎಲ್ಲಿ ಹೋಗಿದ್ದಾರೆ?" ಅಂತ ಕೇಳುತ್ತಾರೆ. ಯಜಮಾನರು ಮನೆಯಲ್ಲಿದ್ದಾರೆ. ಅವರಿಗೆ ನಾಣ್ಯ ಅಂದರೆ ಆಗುವುದಿಲ್ಲ. ಅಂಗಡಿ ನನ್ನದು.

ಉತ್ತರ ಇಷ್ಟೇ. ಕೆಲವು ಸಲ ಉಳಿಯುತ್ತದೆ. ಕೆಲವು ಸಲ ಲಾಡ್ಜಿನ ಬಿಲ್ಲೂ ಹುಟ್ಟುವುದಿಲ್ಲ. ಅವಸರ ಇರುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು.

ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ, ಸುಮ್ನೆ ಮುಚ್ಚಿಡ್ತಾಳೆ ಅಂದುಕೊಳ್ಳುತ್ತಾರೆ. ಹಾಗಾಗಿ ಬಿಡಿಸಿ ಹೇಳುತ್ತೇನೆ. ಬೆಂಗಳೂರಿನ ಶಿಕ್ಷಕರ ಸದನದ ಪ್ರದರ್ಶನ ಆದರೆ ಸರಿ, ಮೈಸೂರಿನಿಂದ ಬೆಳಗಿನ ರೈಲು ಹಿಡಿದರೆ ಆಯಿತು. ಪುಣೆಯ ಕಾಯಿನೆಕ್ಸ್, ಕೋಲ್ಕತ್ತಾದ ಮುದ್ರಾ ಉತ್ಸವ, ಮುಂಬೈ ಅಂದರೆ ಟೇಬಲ್ ಬಾಡಿಗೆ, ರೈಲು, ಲಾಡ್ಜು, ಊಟ. ಜೊತೆಗೊಬ್ಬ ಹುಡುಗ ಬೇಕೇ ಬೇಕು, ಇಲ್ಲದಿದ್ದರೆ ಬಾತ್‌ರೂಮಿಗೆ ಹೋದಾಗ ಟೇಬಲ್ ನೋಡಿಕೊಳ್ಳುವವರು ಯಾರು? ಅವನ ಸಂಬಳ ಬೇರೆ. ಬೆಳ್ಳಿ ತುಂಬಿದ ಬ್ಯಾಗನ್ನು ಸೀಟಿನ ಕೆಳಗೆ ಚೈನ್ ಹಾಕಿ ಕಟ್ಟಿ, ಚೈನಿನ ಮೇಲೆ ಕಾಲಿಟ್ಟು ಮಲಗುವ ನಿದ್ದೆಗೆ ಯಾವ ಲೆಕ್ಕದಲ್ಲೂ ಜಾಗ ಇಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ದೊಡ್ಡ ಶೋಗಳಲ್ಲಿ ಒಳ್ಳೆಯ ವ್ಯಾಪಾರ ಆಗುವುದು ಬಾಗಿಲು ತೆಗೆಯುವ ಮೊದಲು. ಮೊದಲ ದಿನ ಬೆಳಿಗ್ಗೆ ಟೇಬಲ್‌ಗೆ ಬಟ್ಟೆ ಹಾಸುತ್ತಿರುವಾಗಲೇ ಡೀಲರುಗಳು ಭೂತಗನ್ನಡಿ ಹಿಡಿದು ಒಬ್ಬರ ಟೇಬಲ್‌ನಿಂದ ಇನ್ನೊಬ್ಬರ ಟೇಬಲ್‌ಗೆ ಓಡಾಡುತ್ತಿರುತ್ತಾರೆ. ಗುಜರಾತಿನವರ ಹತ್ತಿರ ಮೈಸೂರಿನ ನಾಣ್ಯ ಇರುತ್ತದೆ, ಅದರ ಬೆಲೆ ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ನನ್ನ ಹತ್ತಿರ ಕಚ್ಛ್ ಸಂಸ್ಥಾನದ ಕೋರಿ ಅನ್ನುವ ನಾಣ್ಯ ಇರುತ್ತದೆ, ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅದಲು ಬದಲಾಗುತ್ತದೆ. ಇಬ್ಬರಿಗೂ ಖುಷಿ. ಲಾಭ ಅನ್ನುವುದು ಕೊಳ್ಳುವಾಗಲೇ ಆಗಿಬಿಡುತ್ತದೆ, ಮಾರುವುದು ಬರೀ ಕಾಯುವ ಕೆಲಸ. ಜನ ಬರುವ ಹೊತ್ತಿಗೆ ನಾನು ತಟ್ಟೆಯಲ್ಲಿ ಸುರಿದಿಟ್ಟ, ಒಂದಕ್ಕೆ ಹತ್ತು ರೂಪಾಯಿ ಬೆಲೆಯ ನಾಣ್ಯಗಳನ್ನು ಮಕ್ಕಳಿಗೆ ಆರಿಸಿಕೊಡುತ್ತಿರುತ್ತೇನೆ. ಇಪ್ಪತ್ತು ಪೈಸೆಯ ಹಿತ್ತಾಳೆ ಕಮಲ, ಘೇಂಡಾಮೃಗದ ನಾಲ್ಕಾಣೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವುಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತುಹೋಯಿತು. ಈಗಿನ ಮಕ್ಕಳಿಗೆ ಅವೂ ಪುರಾತನ ವಸ್ತುಗಳೇ.

ಮತ್ತೆ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ. ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 91.7. ಸಾಧಾರಣ ರಾಣಿ ಛಾಪು, ರಾಜ ಛಾಪುಗಳ ಬೆಲೆ ಅವತ್ತಿನ ಬೆಳ್ಳಿ ರೇಟಿನ ಹಿಂದೆಯೇ ಓಡುತ್ತದೆ. "1862ರದ್ದು ಮೇಡಂ, ನೂರೈವತ್ತು ವರ್ಷದ ಮೇಲಾಯ್ತು" ಅಂತ ಒಬ್ಬರು ನಡುಗುವ ಕೈಯಲ್ಲಿ ತೆಗೆದುಕೊಡುತ್ತಾರೆ. 1862 ಅನ್ನುವ ಇಸವಿಯನ್ನು ಬದಲಾಯಿಸದೆ 1874ರವರೆಗೂ ಅದೇ ಮುದ್ರೆಯಲ್ಲಿ ಹೊಡೆಯುತ್ತಲೇ ಇದ್ದರು. ಅದಕ್ಕೇ ಅವು ರಾಶಿ ರಾಶಿ. ಅದರ ಹಿಂಭಾಗದ ಚುಕ್ಕೆಗಳನ್ನು ಎಣಿಸುವ ಹುಚ್ಚರಿದ್ದಾರೆ, ನಾನೂ ಅವರಲ್ಲೊಬ್ಬಳು. ಆದರೆ 1939ರ ಆರನೇ ಜಾರ್ಜ್ ರೂಪಾಯಿ, ನಮ್ಮ ಅಜ್ಜಿಯ ಮದುವೆ ಕಾಲದ್ದು, ಕಣ್ಣಿಗೆ ಬೀಳುವುದೇ ಅಪರೂಪ. ಬಿದ್ದರೂ ಮೊದಲು ನೋಡಬೇಕಾದದ್ದು ಯಾರಾದರೂ ಎಂಟನ್ನು ಒಂಬತ್ತು ಮಾಡಿದ್ದಾರಾ ಅಂತ. ಹಳೆಯದೆಲ್ಲ ದುಬಾರಿ ಅಲ್ಲ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಹೋಗಿದೆ.

ಈಗ ಲಕ್ಷ ಲಕ್ಷದ ವಿಷಯ. ಅದರ ಹಿಂದೆ ಮೊಬೈಲಿನ ವಿಡಿಯೋಗಳಿವೆ. ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿ ನಾಣ್ಯ ಇದ್ದರೆ ಲಕ್ಷಾಧಿಪತಿ ಅಂತೆ. 2012ರಲ್ಲಿ ಬಂದ ಆ ನಾಣ್ಯ ನನ್ನ ತಟ್ಟೆಯಲ್ಲೇ ಬಿದ್ದಿದೆ, ಬಂದು ತೆಗೆದುಕೊಂಡು ಹೋಗಿ. 786 ನಂಬರಿನ ನೋಟು, ಟ್ರ್ಯಾಕ್ಟರ್ ಇರುವ ಐದು ರೂಪಾಯಿ ನೋಟು, ಇವುಗಳದ್ದೂ ಇದೇ ಕತೆ. ತಮ್ಮ ಹೆಸರು ಹೇಳಿ ಹಳೇ ನಾಣ್ಯದ ವ್ಯವಹಾರಕ್ಕೆ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಆ ಎಚ್ಚರಿಕೆಯನ್ನು ಯಾರು ಫಾರ್ವರ್ಡ್ ಮಾಡುತ್ತಾರೆ?

ಬೆಂಗಳೂರಿನ ಶೋ ಒಂದರ ಎರಡನೇ ದಿನ. ಊಟದ ಹೊತ್ತು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ ಹಾಕಿದ ಹಿರಿಯರೊಬ್ಬರು ಬಂದರು. ಜೊತೆಗೆ ಅಕ್ಕನ ಮಗ ಮತ್ತು ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡ ಇನ್ನೊಬ್ಬ. ಹಿರಿಯರು ಮಾತಾಡದೆ ಟವೆಲ್ಲಿನ ಗಂಟು ಬಿಚ್ಚಿದರು. ಒಳಗೆ ಅರಿಶಿನದ ಬಟ್ಟೆ, ಅದರೊಳಗೆ ಹತ್ತಿ, ಅದರೊಳಗೆ ದಪ್ಪನೆಯ ತಾಮ್ರದ ಬಿಲ್ಲೆ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಕಾಲ ಬಳಿ ಹನುಮಂತ. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿ, ಒಂದಾಣೆ, 1818.

ಈ ಬಿಲ್ಲೆಯನ್ನು ನಾನು ಪ್ರತಿ ಶೋನಲ್ಲೂ ನೋಡುತ್ತೇನೆ. ಕಂಪನಿಯವರು ಇದನ್ನು ಯಾವತ್ತೂ ಹೊಡೆದಿಲ್ಲ. ಬ್ರಿಟಿಷರ ಕಾಲದಲ್ಲಿ ಒಂದಾಣೆ ನಾಣ್ಯ ಬಂದದ್ದೇ 1907ರಲ್ಲಿ, ಏಳನೇ ಎಡ್ವರ್ಡ್ ದೊರೆ ಇದ್ದಾಗ. ಅದೂ ತಾಮ್ರದ್ದಲ್ಲ, ನಿಕಲ್ ಬೆರಕೆಯದ್ದು, ಅಂಚು ಅಲೆ ಅಲೆಯಾಗಿರುವುದು. ಇದು ಪೂಜೆಗೆ ಇಟ್ಟುಕೊಳ್ಳುವ ಬಿಲ್ಲೆ, ಅಷ್ಟೆ. ಹಾಗಂತ ಹೇಳಿದೆ.

ಪೆನ್ನಿನವನು ನಕ್ಕ. "ಮೇಡಂ, ಇದು ಅಕ್ಕಿ ಎಳೆಯುತ್ತೆ."

ಅಕ್ಕಿ ಎಳೆಯುವುದು ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಿಡಿಲು ಬಡಿದ ತಾಮ್ರಕ್ಕೆ ಇರಿಡಿಯಂ ಶಕ್ತಿ ಬರುತ್ತದಂತೆ, ಅಕ್ಕಿ ಕಾಳುಗಳು ತಾವಾಗಿ ಅದರ ಕಡೆ ಸರಿಯುತ್ತವಂತೆ, ವಿದೇಶದ ವಿಜ್ಞಾನಿಗಳು ಕೋಟಿ ಕೊಟ್ಟು ಕೊಳ್ಳುತ್ತಾರಂತೆ. ಚೊಂಬಿನ ಹೆಸರಲ್ಲಿ, ನಾಣ್ಯದ ಹೆಸರಲ್ಲಿ ಎಷ್ಟೋ ಜನ ಇದಕ್ಕೆ ಮನೆ ಮಠ ಕಳೆದುಕೊಂಡಿದ್ದಾರೆ. ಪೊಲೀಸರು ಹಿಡಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

"ತೋರಿಸಿ" ಅಂದೆ. ಅವರು ತಯಾರಾಗಿಯೇ ಬಂದಿದ್ದರು. ಅಕ್ಕನ ಮಗನ ಪ್ಯಾಂಟಿನ ಜೇಬಿನಿಂದ ಪ್ಲಾಸ್ಟಿಕ್ ಕವರ್ ಹೊರಬಂತು. ನನ್ನ ಕಪ್ಪು ವೆಲ್ವೆಟ್ ಮೇಲೆ, ಹೈದರಾಬಾದ್ ನಿಜಾಮರ ಚಾರ್‌ಮಿನಾರ್ ರೂಪಾಯಿಗಳ ಪಕ್ಕದಲ್ಲಿ, ಸೋನಾ ಮಸೂರಿ ಅಕ್ಕಿ ಸುರಿದರು. ಮಧ್ಯೆ ಬಿಲ್ಲೆ ಇಟ್ಟರು. ಅಕ್ಕಪಕ್ಕದ ಟೇಬಲ್‌ನವರೆಲ್ಲ ಊಟ ಬಿಟ್ಟು ಬಂದು ನಿಂತರು. ಅಕ್ಕಿ ಅಲ್ಲಾಡಲಿಲ್ಲ. ಪೆನ್ನಿನವನು "ಫ್ಯಾನ್ ಗಾಳಿಗೆ ಆಗ್ತಿಲ್ಲ" ಅಂದ. ಫ್ಯಾನ್ ಆರಿಸಿದರು. ಆಮೇಲೆ "ಸುತ್ತ ಬೆಳ್ಳಿ ಜಾಸ್ತಿ ಇದೆ, ಅದು ತಡೀತಿದೆ" ಅಂದ. ಕೋಲ್ಕತ್ತಾದ ಡೀಲರ್ ಒಬ್ಬರು ಇದೇನು ಕರ್ನಾಟಕದ ಪೂಜೆಯಾ ಅಂತ ಹಿಂದಿಯಲ್ಲಿ ನನ್ನನ್ನು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ.

ಹಿರಿಯರು ನಗಲಿಲ್ಲ. ಬಗ್ಗಿ, ಒಂದೊಂದೇ ಕಾಳು ಹೆಕ್ಕಿ ಕವರಿಗೆ ತುಂಬತೊಡಗಿದರು. ಅಕ್ಕನ ಮಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಅಕ್ಕಾ, ಮಾವ ಇದಕ್ಕೆ ಮೂರು ಲಕ್ಷ ಕೊಟ್ಟಿದ್ದಾರೆ. ತೋಟದ ಮೇಲೆ ಸಾಲ" ಅಂದ.

ನಾನು ಹಿರಿಯರನ್ನು ಕೇಳಿದೆ, "ಯಜಮಾನ್ರೇ, ಇದನ್ನ ನಿಮಗೆ ಕೊಟ್ಟವರು ಯಾರು?" ಅವರು ಪೆನ್ನಿನವನ ಮುಖ ನೋಡಿದರು. ಪೆನ್ನಿನವನು ಗೋಡೆ ನೋಡಿದ. "ಅದೆಲ್ಲ ಯಾಕಮ್ಮ, ನಿಮ್ಮ ಕಮಿಷನ್ ಎಷ್ಟು ಹೇಳಿ" ಅಂದರು ಹಿರಿಯರು. ಕಂಪ್ಲೇಂಟ್ ಕೊಡಿ, ಪೊಲೀಸ್ ಸ್ಟೇಷನ್ ಹತ್ತಿರದಲ್ಲೇ ಇದೆ, ಬೇಕಾದರೆ ನಾನೂ ಬರುತ್ತೇನೆ ಅಂದೆ. "ನೀವು ತಗೊಳ್ಳಲ್ಲ ಅಂದ್ರೆ ಬಿಡಿ" ಅಂತ ಗಂಟು ಕಟ್ಟಿಕೊಂಡು ಮುಂದಿನ ಟೇಬಲ್‌ಗೆ ಹೋದರು. ಸಂಜೆವರೆಗೂ ಅವರು ಟೇಬಲ್‌ನಿಂದ ಟೇಬಲ್‌ಗೆ ಹೋಗುತ್ತಿದ್ದುದು ಕಾಣುತ್ತಿತ್ತು. ಪೆನ್ನಿನವನು ಯಾವಾಗಲೋ ಮಾಯವಾಗಿದ್ದ.

ಎಷ್ಟು ಉಳಿಯುತ್ತೆ ಅಂತ ಯಾರಾದರೂ ಕೇಳಿದಾಗ ನನಗೆ ರೇಗುವುದು ಇದಕ್ಕೇ. ಆ ಬಿಲ್ಲೆ ಯಾರಿಂದ ಬಂತು ಅಂತ ಕೊಳ್ಳುವ ಮೊದಲೇ ಒಬ್ಬರಾದರೂ ಗಟ್ಟಿಯಾಗಿ ಕೇಳಿದ್ದರೆ ತೋಟ ಅಡವಾಗುತ್ತಿರಲಿಲ್ಲ. ನನ್ನನ್ನೂ ಯಾರೂ ಕೇಳುವುದಿಲ್ಲ. ವಿಜಯನಗರದ ಅರ್ಧ ವರಹ ಕೈಯಲ್ಲಿ ಹಿಡಿದು ಎಷ್ಟು ಕಮ್ಮಿ ಮಾಡ್ತೀರಿ ಅಂತ ಅರ್ಧ ಗಂಟೆ ಚೌಕಾಸಿ ಮಾಡುವವರು, ಇದು ನಿಮ್ಮ ಹತ್ತಿರ ಬರುವ ಮೊದಲು ಎಲ್ಲಿತ್ತು ಅಂತ ಕೇಳಿದ್ದು ನೆನಪಿಲ್ಲ.

ಕೇಳಿ ಸ್ವಾಮಿ. ಅದಕ್ಕೆ ಉತ್ತರ ಹೇಳಲು ನನಗೆ ಇಷ್ಟ.

ಜಾಸ್ತಿ ಬರುವುದು ಹಳೇ ಸಂಗ್ರಹಕಾರರ ಮನೆಗಳಿಂದ. ಯಜಮಾನರು ತೀರಿಕೊಂಡಿರುತ್ತಾರೆ, ಮಕ್ಕಳು ಹೊರದೇಶದಲ್ಲಿರುತ್ತಾರೆ, ಆಲ್ಬಮ್‌ಗಳು ಅಟ್ಟದ ಮೇಲಿರುತ್ತವೆ. ಆಮೇಲೆ ಹರಾಜುಗಳಿಂದ. ಆಮೇಲೆ ಚಿನ್ನ ಬೆಳ್ಳಿ ಅಂಗಡಿಗಳಿಂದ. ಅಜ್ಜಿಯ ಕಾಸಿನ ಸರ ಮುರಿಸಲು ಬಂದಾಗ ಅದರಲ್ಲಿ ಯಾವ ಕಾಸು ಇದೆ ಅಂತ ನೋಡದೆ ಕುಲುಮೆಗೆ ಹಾಕುವವರೇ ಹೆಚ್ಚು. ಬೆಳ್ಳಿ ರೇಟು ಏರಿದಾಗಲೆಲ್ಲ ಒಳ್ಳೊಳ್ಳೆಯ ರೂಪಾಯಿಗಳು ಕರಗಿ ಹೋಗುತ್ತವೆ. ಗುರುತಿರುವ ಕೆಲವು ಅಂಗಡಿಯವರು ಕರಗಿಸುವ ಮೊದಲು ನನಗೊಂದು ಫೋನ್ ಮಾಡುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆನೆ ಕಾಸು ತೂಕದ ತಾಮ್ರದ ರಾಶಿಯಲ್ಲಿ ಸಿಕ್ಕಿದ್ದಿದೆ. ಯಾರೋ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿಬಿಟ್ಟಿದ್ದರು. ಇನ್ನೂರು ವರ್ಷದಲ್ಲಿ ಕಟ್ಟಿದ ಬಣ್ಣ ಐದು ನಿಮಿಷದಲ್ಲಿ ಹೋಯಿತು, ಜೊತೆಗೆ ಬೆಲೆಯೂ. ದಯವಿಟ್ಟು ನಾಣ್ಯ ತೊಳೆಯಬೇಡಿ. ದೇವರ ಪಾತ್ರೆ ಬೇರೆ, ನಾಣ್ಯ ಬೇರೆ.

ಇನ್ನೊಂದು ದಾರಿಯೂ ಇದೆ, ಅದರ ಬಗ್ಗೆ ಶೋಗಳಲ್ಲಿ ಮಾತು ಕಡಿಮೆ. ನೆಲದಿಂದ ಬರುವುದು. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾನೂನು 1878ರಿಂದ ಇದೆ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ ಅಂತ 1972ರ ಕಾಯ್ದೆ ಹೇಳುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಟಿಪ್ಪು ಕಾಲದ ಆನೆ ನಾಣ್ಯ ಕೊರಿಯರ್ ಮಾಡಿ ಅಂದಾಗ ನಾನು ಆಗಲ್ಲ ಅನ್ನುವುದು ಸೊಕ್ಕಿನಿಂದಲ್ಲ.

ಒಂದು ಶೋನಲ್ಲಿ ಇಬ್ಬರು ಹುಡುಗರು ಗುಟ್ಕಾ ಡಬ್ಬಿಯಲ್ಲಿ ಕಂಠೀರವ ಹಣ ತಂದಿದ್ದರು. ರಣಧೀರ ಕಂಠೀರವನ ಕಾಲದಿಂದ ಬಂದ ಪುಟ್ಟ ಚಿನ್ನದ ನಾಣ್ಯ, ಅರ್ಧ ಗ್ರಾಂ ಕೂಡ ತೂಗುವುದಿಲ್ಲ, ನರಸಿಂಹನನ್ನು ನೋಡಲು ಭೂತಗನ್ನಡಿ ಬೇಕು. ಅಸಲಿ. ಸಂದುಗಳಲ್ಲಿ ಕೆಮ್ಮಣ್ಣು ಇನ್ನೂ ಹಸಿಯಾಗಿತ್ತು. ಎಲ್ಲಿಂದ ಅಂದೆ. "ಅಜ್ಜೀದು" ಅಂದರು. ಯಾವೂರು ಅಂದೆ. ಇಬ್ಬರೂ ಒಟ್ಟಿಗೆ ಬೇರೆ ಬೇರೆ ಊರಿನ ಹೆಸರು ಹೇಳಿದರು. ನಾನು ಡಬ್ಬಿ ಮುಚ್ಚಿ ವಾಪಸ್ ಕೊಟ್ಟೆ. ಅವು ಆ ಹಾಲ್ ಬಿಟ್ಟು ಹೊರಗೆ ಹೋಗಲಿಲ್ಲ ಅಂತ ನನಗೆ ಗೊತ್ತು. ಯಾರು ಕೊಂಡರು ಅಂತ ಬರೆಯುವುದಿಲ್ಲ. ಅವತ್ತು ಸಂಜೆ ನನಗೆ ಬುದ್ಧಿ ಇಲ್ಲ ಅಂತ ಇಬ್ಬರು ಮೂವರು ಹಿತೈಷಿಗಳು ಹೇಳಿ ಹೋದರು. ಇರಬಹುದು. ಎಷ್ಟು ಉಳಿಯುತ್ತೆ ಅನ್ನುವ ನಿಮ್ಮ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ನಾನು ಮಾರುವ ಪ್ರತಿ ನಾಣ್ಯದ ಹೋಲ್ಡರ್ ಹಿಂದೆ ಒಂದು ಸಣ್ಣ ಚೀಟಿ ಇಡುತ್ತೇನೆ. ಯಾವ ಊರಿನಲ್ಲಿ, ಯಾವ ವರ್ಷ, ಎಂಥವರಿಂದ ಕೊಂಡೆ ಅಂತ ಎರಡು ಸಾಲು. ಕೊಂಡವರಲ್ಲಿ ಹೆಚ್ಚಿನವರು ಮನೆಗೆ ಹೋಗಿ ಚಂದದ ಹೋಲ್ಡರಿಗೆ ಬದಲಾಯಿಸಿ ಚೀಟಿಯನ್ನು ಕಸಕ್ಕೆ ಹಾಕುತ್ತಾರೆ. ಗ್ರೇಡಿಂಗ್ ಕಂಪನಿಗೆ ಕಳಿಸಿ ಪ್ಲಾಸ್ಟಿಕ್ಕಿನೊಳಗೆ ಸೀಲ್ ಮಾಡಿಸುತ್ತಾರೆ, ಅದರ ಮೇಲೆ ಎಪ್ಪತ್ತಕ್ಕೆ ಎಷ್ಟು ಅಂಕ ಅಂತ ಇರುತ್ತದೆ, ಎಲ್ಲಿಂದ ಬಂತು ಅಂತ ಇರುವುದಿಲ್ಲ.

ಮುಂದಿನ ಶೋಗೆ ಬನ್ನಿ. ಮೊದಲ ದಿನ ಬೆಳಿಗ್ಗೆಯೇ ಬಂದರೆ ಒಳ್ಳೆಯ ನಾಣ್ಯ ನೋಡಬಹುದು, ಕೊನೆಯ ದಿನ ಮಧ್ಯಾಹ್ನ ಬಂದರೆ ಚೌಕಾಸಿ ಚೆನ್ನಾಗಿ ನಡೆಯುತ್ತದೆ. ಅಕ್ಕಿ ತರಬೇಡಿ. ಮೊದಲು ಚೀಟಿ ಕೇಳಿ, ಬೆಲೆ ಆಮೇಲೆ ಮಾತಾಡೋಣ.