ಸಂಬಂಧದ ಹೆಸ್ರನ್ನ ಡೇಟಾಬೇಸ್‌ನಲ್ಲಿ ಇಡ್ಬೇಡಿ

ವಂಶವೃಕ್ಷದ ಆ್ಯಪ್ ಬರೆಯೋಕೆ ಕೂತೋರು ಸಾಮಾನ್ಯವಾಗಿ ಮೊದ್ಲು ಮಾಡೋದು ಏನಂದ್ರೆ, ಒಂದು ಟೇಬಲ್ ಮಾಡಿ 'ಸಂಬಂಧ' ಅಂತ ಕಾಲಂ ಹಾಕಿ ಅದ್ರಲ್ಲಿ ಚಿಕ್ಕಪ್ಪ, ಸೋದರಮಾವ, ಅತ್ತಿಗೆ ಅಂತ ತುಂಬ್ಸೋದು. ದಯವಿಟ್ಟು ಬೇಡ. ಒಬ್ರೇ ಹೆಂಗಸು ಒಬ್ಬನಿಗೆ ಅತ್ತೆ, ಇನ್ನೊಬ್ಬನಿಗೆ ದೊಡ್ಡಮ್ಮ. ಇಡ್ಬೇಕಾಗಿರೋದು ಯಾರು ಯಾರ ಮಗು, ಯಾರು ಯಾರನ್ನ ಮದ್ವೆ ಆದ್ರು, ಗಂಡೋ ಹೆಣ್ಣೋ, ಅಣ್ತಮ್ಮಂದ್ರಲ್ಲಿ ಯಾರು ದೊಡ್ಡೋರು, ಅಷ್ಟೇ (ಹುಟ್ಟಿದ ತಾರೀಖು ಗೊತ್ತಿಲ್ದೆ ಇದ್ರೂ ದೊಡ್ಡೋರು ಯಾರು ಅಂತ ಮನೇಲಿ ಗೊತ್ತಿರತ್ತೆ, ಅದಕ್ಕೆ ಬೇರೆ ಫೀಲ್ಡ್ ಬೇಕು). ಕರೆಯೋ ಹೆಸ್ರನ್ನ ಕೇಳ್ದಾಗ ಗ್ರಾಫ್‌ನಲ್ಲಿ (ಜನರನ್ನ ಚುಕ್ಕಿಗಳಾಗಿ, ಸಂಬಂಧಗಳನ್ನ ಅವನ್ನ ಸೇರ್ಸೋ ಕೊಂಡಿಗಳಾಗಿ ಇಟ್ಟ ಜಾಲ) ದಾರಿ ಹುಡುಕಿ ಲೆಕ್ಕ ಹಾಕ್ಬೇಕು.

ಈ ಲೆಕ್ಕ ಎಷ್ಟು ಚೆನ್ನಾಗಿದೆ ನೋಡಿ. ಕನ್ನಡಕ್ಕೆ ಒಂದೇ ರೂಲ್ ಹಾಕಿ: 'ಅಪ್ಪನ ಅಣ್ತಮ್ಮ' ಬಂದ್ರೆ 'ಅಪ್ಪ' ಅಂತ ಮಡಚು, 'ಅಮ್ಮನ ಅಕ್ತಂಗಿ' ಬಂದ್ರೆ 'ಅಮ್ಮ' ಅಂತ ಮಡಚು. ಆಗ ಚಿಕ್ಕಪ್ಪನ ಮಗ 'ಅಪ್ಪನ ಮಗ' ಆಗಿ ತಾನೇ ಅಣ್ಣನೋ ತಮ್ಮನೋ ಆಗ್ಬಿಡ್ತಾನೆ. 'ಅಮ್ಮನ ಅಣ್ಣನ ಮಗಳು' ಮಾತ್ರ ಮಡಚೋಕೆ ಬರಲ್ಲ, ಯಾಕಂದ್ರೆ ಮಧ್ಯದಲ್ಲಿ ಹೆಣ್ಣಿಂದ ಗಂಡಿಗೆ ದಾಟಿದೀವಿ, ಅವಳು ಮಾವನ ಮಗಳಾಗೇ ಉಳೀತಾಳೆ. ಹವಾಯಿ ದ್ವೀಪದವ್ರು ನೆಂಟ್ರನ್ನ ಕರೆಯೋ ಪದ್ಧತಿಗೆ, ಹೀಗೆ ದಾಟಿದ್ರೂ ಮಡಚು ಅಂತ ರೂಲ್ ಬದಲಾಯಿಸಿದ್ರೆ ಕಸಿನ್‌ಗಳೆಲ್ಲಾ ಒಡಹುಟ್ಟಿದವರೇ. ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲೇ ಇಂಥ ಪದ್ಧತಿಗಳನ್ನ ಹೋಲಿಸಿ ವಿಂಗಡಿಸಿದ್ರು. ಪದ್ಧತಿ ಯಾವ್ದಾದ್ರೂ ಡೇಟಾ ಅದೇ ಇರತ್ತೆ, ರೂಲ್ ಫೈಲ್ ಮಾತ್ರ ಬೇರೆ. ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಭಾಷೇಲಿ ಗಂಡಸು ಒಡಹುಟ್ಟಿದವನನ್ನ ಅನಾಯಾ ಅಂತಾನೆ, ಹೆಂಗಸು ನೆಬಾ ಅಂತಾಳೆ, ಹಾಗಾಗಿ ಕರೆಯೋರ ಲಿಂಗವನ್ನೂ ಹೆಸ್ರು ಲೆಕ್ಕ ಹಾಕೋ ಫಂಕ್ಷನ್‌ಗೆ ಕೊಡ್ಬೇಕು.

ನಿಜವಾದ ಕಷ್ಟ 'ಯಾರ ಮಗು' ಅನ್ನೋದ್ರಲ್ಲೇ ಇದೆ. ವಂಶವೃಕ್ಷದ ಮಾಹಿತಿಯನ್ನ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಸಾಗಿಸೋಕೆ 1984ರಿಂದ ಬಳಕೇಲಿರೋ ಜೆಡ್‌ಕಾಂ (GEDCOM) ಫಾರ್ಮ್ಯಾಟ್‌ನ ಕುಟುಂಬದ ರೆಕಾರ್ಡ್‌ನಲ್ಲಿ ಗಂಡನಿಗೊಂದು ಜಾಗ, ಹೆಂಡ್ತಿಗೊಂದು ಜಾಗ. ಆದ್ರೆ ದಕ್ಷಿಣ ಸುಡಾನ್ ಕಡೆಯ ನುಯೆರ್ ಜನ್ರಲ್ಲಿ ವಾರಸುದಾರ ಇಲ್ದೆ ಸತ್ತವನ ಹೆಸ್ರಲ್ಲಿ ಅವನ ಹತ್ತಿರದ ನೆಂಟ ಮದ್ವೆ ಆಗ್ತಾನೆ, ಹುಟ್ಟೋ ಮಕ್ಕಳು ಸತ್ತವನ ಮಕ್ಕಳೇ. ತಂದೆ ಸತ್ತು ಎಷ್ಟೋ ವರ್ಷ ಆದ್ಮೇಲೆ ಮಗು ಹುಟ್ಟಿದ್ರೆ ಎರರ್ ತೋರ್ಸೋ ಕೋಡ್ ಅಲ್ಲಿ ಸರಿಯಾದ ಮಾಹಿತಿಯನ್ನೇ ತಪ್ಪು ಅನ್ನತ್ತೆ. ಹೆತ್ತ ತಂದೆ, ವಂಶದ ತಂದೆ, ಸಾಕಿದ ತಂದೆ ಇವೆಲ್ಲಾ ಬೇರೆ ಬೇರೆ ಕೊಂಡಿಗಳಾಗಿರಬೇಕು. ಇಸ್ಲಾಂನಲ್ಲಿ ಒಂದೇ ತಾಯಿಯ ಎದೆಹಾಲು ಕುಡಿದ ಮಕ್ಕಳು ಮದ್ವೆ ಆಗೋ ಹಾಗಿಲ್ಲ, ಆ ಹಾಲಿನ ಸಂಬಂಧಕ್ಕೂ ಒಂದು ಕೊಂಡಿ ಬೇಕು.

ಇನ್ನು ತಲೆಮಾರಿನ ನಂಬರ್, ಅದನ್ನಂತೂ ಸೇವ್ ಮಾಡ್ಲೇಬೇಡಿ. ಸೋದರಮಾವನನ್ನೇ ಮದ್ವೆ ಆದ ಹುಡುಗಿ ಮದ್ವೆ ಕೊಂಡಿ ಹಿಡಿದು ಹೋದ್ರೆ ಗಂಡನ ತಲೆಮಾರು, ಅಮ್ಮನ ಕಡೆಯಿಂದ ಬಂದ್ರೆ ಒಂದು ತಲೆಮಾರು ಕೆಳಗೆ. ಅವಳ ಮಕ್ಕಳಿಗೆ ಅವಳ ತಮ್ಮ ಒಂದು ದಾರೀಲಿ ಸೋದರಮಾವ, ಇನ್ನೊಂದು ದಾರೀಲಿ ಅಪ್ಪನ ಅಕ್ಕನ ಮಗ. ಚಿಕ್ಕ ದಾರಿಯನ್ನ ಮೊದ್ಲು ತೋರ್ಸಿ, ಆದ್ರೆ ಇನ್ನೊಂದನ್ನ ಅಳಿಸ್ಬೇಡಿ, ಏನಂತ ಕರೀಬೇಕು ಅನ್ನೋದನ್ನ ಆ ಮನೆಯವ್ರೇ ಆರಿಸ್ಕೊಳ್ಳೋ ಹಾಗೆ ಬಟನ್ ಕೊಡಿ.